ಊರು ಬಿಟ್ಟವನ ಬಾಕಿ

ಸಾಲ ತೀರಿಸದೆ ಊರು ಬಿಟ್ಟವನನ್ನು ಏನೆಂದು ಕರೆಯಬೇಕು? ನಮ್ಮ ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಇದಕ್ಕೆ ಉತ್ತರ ಅವನು ಯಾವ ಮನೆಯಲ್ಲಿ ಹುಟ್ಟಿದ್ದಾನೆ ಅನ್ನುವುದರ ಮೇಲೆ ನಿಂತಿದೆ. ದೊಡ್ಡ ಹಿತ್ತಲಿನ ಮನೆಯವ ಬ್ಯಾಂಕಿನ ಬಾಕಿ ಇಟ್ಟು ಮುಂಬಯಿ ಸೇರಿದರೆ 'ಪಾಪ, ಬಿಜಿನೆಸ್ಸಿನಲ್ಲಿ ಲಾಸಾಯಿತಂತೆ' ಎನ್ನುತ್ತಾರೆ. ಕೇರಿಯವ ಅಂಗಡಿ ಬಾಕಿ ಇಟ್ಟು ಗೋವಾದ ಬೋಟಿಗೆ ಹೋದರೆ 'ಓಡಿಹೋದ' ಎನ್ನುತ್ತಾರೆ. ಇಬ್ಬರೂ ಹೋದದ್ದು ಅದೇ ಕೊಂಕಣ ರೈಲಿನಲ್ಲಿ. ಒಬ್ಬನ ಹಿಂದೆ ಅನುಕಂಪ ಹೋಗುತ್ತದೆ, ಇನ್ನೊಬ್ಬನ ಹಿಂದೆ ಬೈಗುಳ.

ಈ ಮಾತನ್ನು ನಾವು ಎತ್ತಿಕೊಂಡದ್ದು ಪುಸ್ತಕ ಓದಿ ಅಲ್ಲ. ಶರಾವತಿ ಅಳಿವೆಯ ಹತ್ತಿರದ ಒಂದು ಕೇರಿಯ ಒಂದು ಮನೆಯಿಂದ. ಹೆಸರು ಬೇಡ. ಆ ಮನೆಯ ಗಂಡಸು ಬೋಟಿನ ಕೂಲಿ. ಜೂನ್ 1ರಿಂದ ಜುಲೈ 31ರವರೆಗೆ, ಅರವತ್ತೊಂದು ದಿನ, ಯಂತ್ರದ ಬೋಟು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಹಾಕಲಿ ಎಂಬ ಕಾಯಿದೆ, ಕಾಯಿದೆ ಸರಿಯಾದದ್ದೇ. ಆದರೆ ಆ ಅರವತ್ತೊಂದು ದಿನ ಮನುಷ್ಯರ ಮರಿಗಳೂ ಉಣ್ಣಬೇಕಲ್ಲ? ಮಳೆಗಾಲದಲ್ಲಿ ನಮ್ಮ ಕಡೆ ಹುಟ್ಟುವ ಸಾಲ ಆಸೆಯ ಸಾಲವಲ್ಲ, ಅಕ್ಕಿಯ ಸಾಲ. ಹಿಂದಿನವರು ಒಡೆಯರ ಮನೆಯಿಂದ ಆಸಾಡಿಯಲ್ಲಿ ಭತ್ತ ತಂದು ಕೊಯ್ಲಿನಲ್ಲಿ ಹೆಚ್ಚು ಕಟ್ಟಿ ಅಳೆದು ಕೊಡುತ್ತಿದ್ದರು. ಈಗ ಅಂಗಡಿಯ ಪುಸ್ತಕ ಬಂದಿದೆ, ಬಂಗಾರದ ಸಾಲ ಬಂದಿದೆ, ಹೆಂಗಸರ ಗುಂಪಿನ ಸಾಲ ಬಂದಿದೆ. ಮಳೆ ಅದೇ.

ಅವನು ಎರಡು ಮಳೆಗಾಲದ ಹಿಂದೆ ಹೋದ. ಮೊದಲು ನಾಕು ತಿಂಗಳು ಫೋನು ಬರುತ್ತಿತ್ತು, ಆಮೇಲೆ ನಂಬರು ಬದಲಾಯಿತು. ಹಿಂದೆ ಬಿಟ್ಟದ್ದು ಹೆಂಡತಿ, ತಾಯಿ, ಇಬ್ಬರು ಮಕ್ಕಳು, ಮತ್ತು ಐದು ಬಾಕಿ. ಅಂಗಡಿಯದು ಒಂದು. ದಿನಾ ಬುಟ್ಟಿ ಹೊತ್ತು ಬರುವ ಮೀನು ಹೆಂಗಸಿನದು ಒಂದು. ಅಜ್ಜನ ಕಾಲದಿಂದ ಗದ್ದೆ ಗೇದ ಮನೆಯ ಒಡೆಯರದು ಒಂದು. ಮೂವತ್ತು ವರ್ಷದಿಂದ ಬಡ್ಡಿಯೆಂದು ಗೇದದ್ದಕ್ಕೆ ಲೆಕ್ಕ ಇಟ್ಟವರಿಲ್ಲ. ಹೆಂಡತಿಯ ಹೆಸರಿನಲ್ಲಿ ತೆಗೆದ ಗುಂಪಿನ ಸಾಲ ಒಂದು. ಐದನೆಯದು ಪಕ್ಕದ ಮನೆಯ ವಿಧವೆ ತನ್ನ ಎರಡೆಳೆ ಸರ ಬಿಚ್ಚಿ 'ಅಡವಿಟ್ಟು ದುಡ್ಡು ತಕ್ಕೊ, ಗಣಪತಿ ಹಬ್ಬದೊಳಗೆ ಬಿಡಿಸಿಕೊಡು' ಎಂದು ಕೊಟ್ಟದ್ದು. ಸರ ಈಗಲೂ ಅಡವಿನಲ್ಲಿದೆ.

ನಾವು ನಾಲ್ಕೈದು ಜನ, ಅದರಲ್ಲಿ ಇಬ್ಬರು ಪ್ರೈಮರಿ ಶಾಲೆಯ ಮೇಸ್ಟ್ರುಗಳು, ಆ ಮನೆಗೆ ಹೋದೆವು. ಅರ್ಜಿ ಬರೆಯಲು ಬಿಳಿ ಹಾಳೆ ಒಯ್ದಿದ್ದೆವು. ಉತ್ತರವನ್ನೂ ಒಯ್ದಿದ್ದೆವು. ಸಾಲವೆಂಬುದು ಶೋಷಣೆಯ ಹಗ್ಗ, ಯಾರಿಗೂ ಒಂದು ಪೈಸೆ ಕೊಡಬೇಡ, ಬಂದವರನ್ನು ನಮ್ಮ ಹತ್ತಿರ ಕಳಿಸು, ಕಾಯಿದೆ ನಿನ್ನ ಕಡೆ ಇದೆ ಎಂದೆವು. ಆಕೆ ಬಾಗಿಲ ಚೌಕಟ್ಟು ಹಿಡಿದು ಎಲ್ಲಾ ಕೇಳಿದಳು. ಕೊನೆಗೆ ಒಂದೇ ಮಾತು ಕೇಳಿದಳು: 'ಹಂಗಾರೆ ಮೀನಮ್ಮಂಗೂ ಕೊಡೂದು ಬೇಡ್ವ?'

ನಮ್ಮಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ. ಬಿಳಿ ಹಾಳೆ ಮಡಚಿಕೊಂಡು ಬಂದೆವು. ಆವತ್ತಿನಿಂದ ನಮ್ಮ ನಮ್ಮಲ್ಲೇ ನಡೆದ ಜಗಳವನ್ನು ಇಲ್ಲಿ ಬರೆಯುತ್ತಿದ್ದೇವೆ. ಗೆಳೆಯರು ತಿದ್ದಬೇಕು.

ಮೊದಲು ಶಾಸ್ತ್ರದ ಲೆಕ್ಕ ನೋಡೋಣ, ಯಾಕೆಂದರೆ 'ಅಪ್ಪನ ಸಾಲ ಮಗ ತೀರಿಸಬೇಕು, ಅದು ಧರ್ಮ' ಎಂದು ಕೇರಿಯ ಬಾಗಿಲಲ್ಲಿ ನಿಂತು ಹೇಳುವ ಬಾಯಿಗಳ ಹಿಂದೆ ಎರಡು ಸಾವಿರ ವರ್ಷದ ಪುಸ್ತಕ ಇದೆ. ಯಾಜ್ಞವಲ್ಕ್ಯ ಸ್ಮೃತಿ ಬಹಳ ಸ್ಪಷ್ಟವಾಗಿದೆ. ಅಪ್ಪ ಸತ್ತರೆ, ಪರದೇಶಕ್ಕೆ ಹೋದರೆ, ವಿಪತ್ತಿಗೆ ಸಿಕ್ಕರೆ ಅವನ ಸಾಲ ಮಕ್ಕಳ ಮೇಲೆ, ಮೊಮ್ಮಕ್ಕಳ ಮೇಲೆ. ಊರು ಬಿಟ್ಟವನ ಸಮಸ್ಯೆ ಆವತ್ತೂ ಇತ್ತು ಅನ್ನಿ. ನಾರದನು ಸ್ವಲ್ಪ ದಯೆ ತೋರಿಸಿ ಇಪ್ಪತ್ತು ವರ್ಷ ಕಾಯಿರಿ, ಆಮೇಲೆ ಮಗನ ಕೈಯಲ್ಲಿ ಕೊಡಿಸಿ ಎಂದ. ಕುಡಿತದ ಸಾಲ, ಜೂಜಿನ ಸಾಲ, ಹೆಣ್ಣಿನ ಖಯಾಲಿಯ ಸಾಲ ಮಗನ ಮೇಲಿಲ್ಲ. ಗಂಡನ ಸಾಲ ಹೆಂಡತಿಯ ಮೇಲಿಲ್ಲ, ಅವಳು ಒಪ್ಪಿಕೊಂಡಿದ್ದರೆ ಅಥವಾ ಕೂಡಿ ಮಾಡಿದ್ದರೆ ಮಾತ್ರ. ಇದಿಷ್ಟು ಕೇಳಿದರೆ ಪರವಾಗಿಲ್ಲವೇ, ವಿಚಾರವಂತರೇ ಇದ್ದರಲ್ಲ ಅನ್ನಿಸುತ್ತದೆ. ಯಾಜ್ಞವಲ್ಕ್ಯನಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ನಮ್ಮ ಕನ್ನಡ ನೆಲದ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ. ಬ್ರಿಟಿಷರ ಕೋರ್ಟಿನವರೆಗೂ ಅದೇ ಮಾತು ನಡೆಯಿತು.

ಆದರೆ ಅದೇ ಪುಟಗಳನ್ನು ಇನ್ನೊಂಚೂರು ತಿರುವಬೇಕು. ದನ ಕಾಯುವವರು, ಹೆಂಡ ಮಾರುವವರು, ಕುಣಿಯುವವರು, ಬಟ್ಟೆ ಒಗೆಯುವವರು, ಬೇಟೆಯಾಡುವವರು, ಇವರ ಹೆಂಡತಿಯರು ಮಾಡಿದ ಸಾಲವನ್ನು ಗಂಡಂದಿರು ಕೊಡಬೇಕು, ಯಾಕೆಂದರೆ ಇವರ ಮನೆ ನಡೆಯುವುದು ಹೆಂಗಸರ ದುಡಿತದಿಂದ ಎಂದು ಬರೆದಿದ್ದಾರೆ. ಮೇಲಿನವರ ಮನೆಯ ಹೆಂಗಸು ಸಾಲದ ಲೆಕ್ಕಕ್ಕೆ ಹೊರಗೆ, ನಮ್ಮ ಮನೆಯ ಹೆಂಗಸು ಲೆಕ್ಕದ ಒಳಗೆ. ನಮ್ಮ ಹೆಂಗಸರು ದುಡಿದು ಮನೆ ನಡೆಸುತ್ತಾರೆ ಎಂಬ ಸತ್ಯವನ್ನು ಶಾಸ್ತ್ರ ಒಪ್ಪಿಕೊಂಡದ್ದು ಒಂದೇ ಜಾಗದಲ್ಲಿ, ಸಾಲ ವಸೂಲಿಯ ಜಾಗದಲ್ಲಿ!

ಮನುವಿನದು ಇನ್ನೂ ಬಿಚ್ಚುಮಾತು. ತಿಂಗಳಿಗೆ ನೂರಕ್ಕೆ ಬಡ್ಡಿ ಬ್ರಾಹ್ಮಣನಿಗೆ ಎರಡು, ಕ್ಷತ್ರಿಯನಿಗೆ ಮೂರು, ವೈಶ್ಯನಿಗೆ ನಾಲ್ಕು, ಶೂದ್ರನಿಗೆ ಐದು. ಐದು ಅಂದರೆ ವರ್ಷಕ್ಕೆ ಅರವತ್ತು. ತೀರಿಸುವ ಕ್ರಮವೂ ಹಾಗೆಯೇ. ಸಾಲಗಾರ ಸಮಜಾತಿಯವನೋ ಕೆಳಜಾತಿಯವನೋ ಆದರೆ ಗೇದು ತೀರಿಸಲಿ. ಮೇಲ್ಜಾತಿಯವನಾದರೆ ನಿಧಾನಕ್ಕೆ ಕೊಡಲಿ. ಈ ಒಂದೇ ಸಾಲಿನಲ್ಲಿ ಜೀತದ ಇಡೀ ಇತಿಹಾಸ ಕೂತಿದೆ. ಒಬ್ಬನಿಗೆ ಸಾಲವೆಂದರೆ ಹಣ. ಇನ್ನೊಬ್ಬನಿಗೆ ಸಾಲವೆಂದರೆ ಅವನ ಮೈ. ಮೂರು ಋಣಗಳ ಮಾತು ಕೇಳಿದ್ದೀರಿ, ದೇವಋಣ, ಋಷಿಋಣ, ಪಿತೃಋಣ. ಋಷಿಯ ಋಣ ತೀರುವುದು ಓದುವುದರಿಂದ. ಅಕ್ಷರ ಮುಟ್ಟಬಾರದವರಿಗೆ ಋಷಿಋಣ ಎಲ್ಲಿಂದ ಬರಬೇಕು? ನಮಗಾಗಿ ನಾಲ್ಕನೆಯದೊಂದನ್ನು ಇಟ್ಟರು, ಒಡೆಯನ ಋಣ. ಅದು ಮಾತ್ರ ತೀರುವುದಿಲ್ಲ.

ಸಾಲ ಮಾಡಿ ತುಪ್ಪ ತಿನ್ನು ಎಂಬ ಮಾತನ್ನು ಚಾರ್ವಾಕರ ತಲೆಗೆ ಕಟ್ಟಿದ್ದಾರೆ. ಕಟ್ಟಿದವರು ಅವರ ವೈರಿಗಳು. ಚಾರ್ವಾಕರ ಪುಸ್ತಕ ಒಂದೂ ಉಳಿದಿಲ್ಲ. ನಮ್ಮ ಕೇರಿಯಲ್ಲಿ ಸಾಲ ಮಾಡಿ ತುಪ್ಪ ತಿಂದವರನ್ನು ನಾವು ಈವರೆಗೆ ಕಂಡಿಲ್ಲ.

ಇನ್ನು ನಮ್ಮ ಕಡೆಯವರಿಗೆ ಸಾಲದ ನೀತಿಯನ್ನು ಕಲಿಸಿದ್ದು ಸ್ಮೃತಿಗಿಂತ ಹೆಚ್ಚಾಗಿ ಆಟ. ಕರಾವಳಿಯಲ್ಲಿ ರಾತ್ರಿಯಿಡೀ ಹರಿಶ್ಚಂದ್ರನ ಆಟ ನೋಡಿ ಕಣ್ಣೀರು ಹಾಕದ ಮುದುಕಿ ಇಲ್ಲ. ಕೊಟ್ಟ ಮಾತಿಗೆ ರಾಜ್ಯ ಬಿಟ್ಟ, ವಿಶ್ವಾಮಿತ್ರನ ಬಾಕಿಗಾಗಿ ಹೆಂಡತಿ ಮಗನನ್ನು ಮಾರಿದ, ತನ್ನನ್ನೇ ಮಾರಿಕೊಂಡ. ಸತ್ಯವೆಂದರೆ ಹೀಗಿರಬೇಕು ಎಂದು ಭಾಗವತರು ಹಾಡುತ್ತಾರೆ, ಕೇರಿಯ ಜನ ಹೌದೆನ್ನುತ್ತಾರೆ. ನಾವೂ ಚಿಕ್ಕಂದಿನಲ್ಲಿ ಹೌದೆಂದವರೇ. ಈಗ ಎರಡು ಪ್ರಶ್ನೆ ಏಳುತ್ತದೆ. ಬಾಕಿ ಅವನದು, ಮಾರಾಟವಾದವಳು ಚಂದ್ರಮತಿ. ಆಕೆ ಯಾವ ಸಾಲಕ್ಕೆ ಸಹಿ ಹಾಕಿದ್ದಳು? ಮಗ ಲೋಹಿತಾಶ್ವ ಯಾವ ಯಜ್ಞ ಮಾಡಿಸಿದ್ದ? ಎರಡನೆಯದು, ಇದನ್ನು ಯಾರೂ ಹೇಳುವುದಿಲ್ಲ: ರಾಘವಾಂಕನ ಕಾವ್ಯದಲ್ಲಿ ಆ ರಾಜನನ್ನು ಕೊಂಡುಕೊಂಡು ಅವನ ಸಾಲ ಮುಗಿಯುವಷ್ಟು ಹಣ ಎಣಿಸಿಕೊಟ್ಟವನು ಸುಡುಗಾಡಿನ ವೀರಬಾಹು, ಒಬ್ಬ ಅಸ್ಪೃಶ್ಯ. ಕ್ಷತ್ರಿಯನ ಸತ್ಯ ಉಳಿದದ್ದು ನಮ್ಮವನ ಗಂಟಿನಿಂದ. ಕಥೆಯ ಕೊನೆಗೆ ಶಿವ ಪ್ರತ್ಯಕ್ಷನಾಗಿ ರಾಜನಿಗೆ ರಾಜ್ಯ ಬಂತು. ಈ ಕಥೆಯನ್ನು ಸಾಲಗಾರರಿಗೆ ಹೇಳುವವರು ಇದೊಂದನ್ನು ಮರೆಯುತ್ತಾರೆ. ಕೊನೆಗೆ ರಾಜ್ಯ ಸಿಗುತ್ತದೆ ಅಂತ ಗೊತ್ತಿದ್ದರೆ ಯಾರು ಬೇಕಾದರೂ ಸತ್ಯಸಂಧರಾಗಬಹುದು. ಶಾಲೆಯ ಪುಸ್ತಕದಲ್ಲಿ ಮಾತಿಗೆ ತಪ್ಪದೆ ವಾಪಸು ಬಂದ ಹಸುವನ್ನು ಕಂಡು ಹುಲಿಯೇ ಪ್ರಾಣ ಬಿಟ್ಟಿತು. ನಮ್ಮ ಊರಿನ ಹುಲಿಗಳು ಹಾಗೆ ಹಾರಿ ಬಿದ್ದ ದಾಖಲೆ ತಾಲೂಕು ಕಚೇರಿಯಲ್ಲಿ ಇಲ್ಲ.

ಹಾಗಾದರೆ ಈಗಿನ ಕಾಯಿದೆ ಏನನ್ನುತ್ತದೆ? ಮೇಸ್ಟ್ರುಗಳು, ಹುಡುಗರು ಇದನ್ನು ತಿಳಿದಿಟ್ಟುಕೊಳ್ಳಬೇಕು, ಯಾಕೆಂದರೆ ಬಾಗಿಲಿಗೆ ಬಂದು ಕೂಗುವವನಿಗೆ ಗೊತ್ತಿದ್ದೂ ಅವನು ಹೇಳುವುದಿಲ್ಲ. ಸತ್ತವನ ಸಾಲಕ್ಕೆ ವಾರಸುದಾರ ಹೊಣೆಯಾಗುವುದು ಅವನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ; ಆಸ್ತಿ ಬಾರದಿದ್ದರೆ ಹೊಣೆಯೂ ಇಲ್ಲ. ಅಪ್ಪನ ಸಾಲ ಮಗನ ಪುಣ್ಯಕರ್ತವ್ಯ ಎಂಬ ಹಳೆಯ ನಿಯಮವನ್ನು ಹಿಂದೂ ವಾರಸಾ ಕಾಯಿದೆಯ 2005ರ ತಿದ್ದುಪಡಿ ಅಳಿಸಿಹಾಕಿತು. 2005ರ ಸೆಪ್ಟೆಂಬರ್ 9ರ ನಂತರದ ಸಾಲಕ್ಕೆ ಆ ಮಾತನ್ನು ಕೋರ್ಟು ಕೇಳುವಂತಿಲ್ಲ. ಹೆಂಡತಿ ತಾನು ಸಹಿ ಹಾಕದ ಸಾಲಕ್ಕೆ, ಜಾಮೀನು ನಿಲ್ಲದ ಸಾಲಕ್ಕೆ ಹೊಣೆಯಲ್ಲ. ಡಿಕ್ರಿಯಾದರೂ ಅಡಿಗೆಯ ಪಾತ್ರೆ, ಹಾಸಿಗೆ, ಉಡುವ ಬಟ್ಟೆ, ಕಸುಬಿನ ಹತಾರ ಜಪ್ತಿ ಮಾಡುವಂತಿಲ್ಲ, ಹಣದ ಡಿಕ್ರಿಗೆ ಹೆಂಗಸನ್ನು ಬಂಧಿಸುವಂತಿಲ್ಲ. ಕೊಡಲು ಶಕ್ತಿಯೇ ಇಲ್ಲದವನನ್ನು ಜೈಲಿಗೆ ಹಾಕಬಾರದು, ಬಡತನ ಅಪರಾಧವಲ್ಲ ಎಂದು 1980ರಲ್ಲೇ ಸುಪ್ರೀಂ ಕೋರ್ಟಿನ ಕೃಷ್ಣ ಅಯ್ಯರ್ ತೀರ್ಪು ಕೊಟ್ಟರು. ಜೀತ ರದ್ದಾದದ್ದು 1975ರ ಅಕ್ಟೋಬರ್ 25ರ ಸುಗ್ರೀವಾಜ್ಞೆಯಿಂದ, ಮರುವರ್ಷ ಅದು ಕಾಯಿದೆಯಾಯಿತು. ಅಜ್ಜನ ಸಾಲಕ್ಕೆ ಮೊಮ್ಮಗ ಗೇಯುವುದೂ ಅದರಲ್ಲಿ ಜೀತವೇ, ಆ ಸಾಲವೇ ಇಲ್ಲವಾದಂತೆ. ಅದೇ 1976ರಲ್ಲಿ ದೇವರಾಜ ಅರಸರ ಸರ್ಕಾರ ಋಣ ಪರಿಹಾರ ಕಾಯಿದೆ ತಂದು ಸಣ್ಣ ರೈತರ, ಭೂಹೀನ ಕೂಲಿಗಳ ಖಾಸಗಿ ಸಾಲ ಮನ್ನಾ ಮಾಡಿತು, ಅಡವಿಟ್ಟದ್ದನ್ನು ಹಿಂದಿರುಗಿಸಿ ಎಂದಿತು. ಇಂಥದೇ ಇನ್ನೊಂದು ಕಾಯಿದೆ 2019ರ ಜುಲೈನಲ್ಲಿ ಜಾರಿಗೆ ಬಂತು.

ಕಾಯಿದೆ ಇಷ್ಟೆಲ್ಲ ನಮ್ಮ ಕಡೆ ಇದ್ದೂ ಜನ ಊರು ಯಾಕೆ ಬಿಡುತ್ತಾರೆ? ಸಾಲಕ್ಕೆ ಕೇರಿಯವ ಕೊಡುವ ನಿಜವಾದ ಅಡವು ಮಾನ, ಅದಕ್ಕೆ. ಪಾತ್ರೆ ಜಪ್ತಿ ಮಾಡಬಾರದೆಂದು ಕಾಯಿದೆ ಹೇಳಬಹುದು, ನಾಕು ಜನರೆದುರು ಅಂಗಳದಲ್ಲಿ ಕೂತು 'ನಿನ್ನ ಗಂಡ ಯಾವಳ ಜತೆ ಹೋದ?' ಎಂದು ಕೇಳುವುದನ್ನು ಯಾವ ಅಮೀನ ತಡೆಯುತ್ತಾನೆ? 2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಕಿರುಸಾಲದ ವಸೂಲಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಎಲ್ಲರೂ ಓದಿದಿರಿ. ಮುಂದಿನ ತಿಂಗಳೇ ಸರ್ಕಾರ ಸುಗ್ರೀವಾಜ್ಞೆ ತಂದು ಬಲಾತ್ಕಾರದ ವಸೂಲಿಗೆ ಹತ್ತು ವರ್ಷದವರೆಗೆ ಶಿಕ್ಷೆ, ಐದು ಲಕ್ಷದವರೆಗೆ ದಂಡ ಎಂದಿತು. ಬೀಗ ಹಾಕಿದವರೆಲ್ಲ ಕಳ್ಳರೆ? 2016ರ ಮಾರ್ಚ್ 2ರಂದು ವಿಜಯ ಮಲ್ಯ ದೇಶ ಬಿಟ್ಟಾಗ ಬ್ಯಾಂಕುಗಳಿಗೆ ಬರಬೇಕಿದ್ದದ್ದು ಒಂಬತ್ತು ಸಾವಿರ ಕೋಟಿಯ ಹತ್ತಿರ. ಅವರಿಗಾಗಿಯೇ ಎನ್ನುವ ಹಾಗೆ 2018ರಲ್ಲಿ ಒಂದು ಕಾಯಿದೆಯಾಯಿತು, 2019ರ ಜನವರಿಯಲ್ಲಿ ಕೋರ್ಟು ದೇಶಭ್ರಷ್ಟ ಆರ್ಥಿಕ ಅಪರಾಧಿ ಎಂದು ಘೋಷಿಸಿತು. ಇಷ್ಟಾದರೂ ಅವರ ಪಕ್ಕದ ಮನೆಯವರನ್ನು ಯಾರೂ ಹಿಡಿದು 'ನಿಮ್ಮವ ಹೋದ, ನೀವು ಕಟ್ಟಿ' ಎನ್ನಲಿಲ್ಲ. ಕೇರಿಯಲ್ಲಿ ಅನ್ನುತ್ತಾರೆ.

ಭಟ್ಕಳದ ಕಡೆ ಇನ್ನೊಂದು ಬಗೆ ನೋಡುತ್ತೇವೆ. ಅಲ್ಲಿ ಗಲ್ಫಿಗೆ ಹೋಗುವುದು ತಲೆಮಾರುಗಳ ಮಾತು. ನವಾಯತರ ಮನೆಗಳಿಂದ ಹೋದವರಿಗೆ ಅಲ್ಲಿ ಅಂಗಡಿ, ನೆಂಟಸ್ತನ, ಜಮಾತಿನ ಆಸರೆ ಎಲ್ಲ ಇದೆ. ಅವರನ್ನು ನೋಡಿ ಅದೇ ಪೇಟೆಯ ಬಡ ಮುಸಲ್ಮಾನರ, ನಾಮಧಾರಿಗಳ, ಖಾರ್ವಿಗಳ ಹುಡುಗರೂ ಬಂಗಾರ ಅಡವಿಟ್ಟು ಏಜೆಂಟನಿಗೆ ಕೊಟ್ಟು ಹೋಗುತ್ತಾರೆ. ಗಲ್ಫಿಗೆ ಹೋದವನ ಮನೆಗೆ ಅಂಗಡಿಯವ ಕೇಳದೆ ಸಾಲ ಕೊಡುತ್ತಾನೆ. ಗೋವಾಕ್ಕೆ ಹೋದವನ ಮನೆಗೆ ಕೇಳಿದರೂ ಕೊಡುವುದಿಲ್ಲ. ಒಬ್ಬ ಊರಲ್ಲಿಲ್ಲದಿರುವುದು ನಂಬಿಕೆ, ಇನ್ನೊಬ್ಬ ಊರಲ್ಲಿಲ್ಲದಿರುವುದು ಕಳವು. ಗಲ್ಫಿನ ಕಥೆಗೂ ಒಂದು ತಿರುವಿದೆ ಅನ್ನಿ. ದುಬಾಯಿಯಂಥ ಕಡೆ ಸಾಲ ಬಾಕಿ ಇಟ್ಟವನ ಮೇಲೆ ಕೋರ್ಟು ಪ್ರಯಾಣ ನಿಷೇಧ ಹಾಕಬಹುದು, ದೇಶ ಬಿಡುವಂತಿಲ್ಲ. ಇಲ್ಲಿ ಸಾಲ ಮನುಷ್ಯನನ್ನು ಓಡಿಸುತ್ತದೆ, ಅಲ್ಲಿ ಕಟ್ಟಿಹಾಕುತ್ತದೆ. ಎರಡರ ನಡುವೆ ಸಿಕ್ಕ ಹುಡುಗ ತಾಯಿ ಸತ್ತರೂ ಬರಲಾರ.

ಇಲ್ಲಿಯವರೆಗೆ ಬರೆದದ್ದು ನಮಗೆ ಸುಲಭ. ಒಡೆಯ, ಶಾಸ್ತ್ರ, ಬ್ಯಾಂಕು, ಇವರನ್ನು ಬೈಯಲು ನಮಗೆ ಅಭ್ಯಾಸವಿದೆ. ಓಡಿಹೋಗುವುದೂ ಒಂದು ಹೋರಾಟ ಎಂದು ನಾವು ವಾದಿಸಬಲ್ಲೆವು, ವಾದಿಸಿದ್ದೇವೆ. ಸಂಘ ಇಲ್ಲದ ಕಾಲದಲ್ಲಿ ಜೀತದವನಿಗಿದ್ದ ಒಂದೇ ಮುಷ್ಕರ ರಾತ್ರೋರಾತ್ರಿ ಹೊಳೆ ದಾಟುವುದು. ಈ ಜಿಲ್ಲೆಯಲ್ಲಿ ಗೇಣಿದಾರರನ್ನು ಸಂಘಟಿಸಿದ ದಿನಕರ ದೇಸಾಯಿಯವರನ್ನು ಬ್ರಿಟಿಷ್ ಸರ್ಕಾರ 1940ರಲ್ಲಿ ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಒಡೆಯರಿಗೆ ಬಾಕಿ ಕೊಡಬೇಡಿ ಎನ್ನುವ ಧೈರ್ಯಕ್ಕೆ ಅಷ್ಟು ಬೆಲೆ ಇತ್ತು. ಒಡೆಯನ ಬಾಕಿ ಇಟ್ಟು ಹೋದವನನ್ನು ನಾವು ಇವತ್ತೂ ತಪ್ಪಿತಸ್ಥನೆನ್ನುವುದಿಲ್ಲ. ಅಸಲಿನ ಎಷ್ಟೋ ಪಟ್ಟು ಮೈಯಿಂದ ತೀರಿಸಿ ಆಗಿದೆ. ಲೆಕ್ಕ ಹಾಕಿದರೆ ಒಡೆಯರೇ ಕೊಡಬೇಕಾದೀತು.

ಆದರೆ ಮೀನಮ್ಮ?

ಆಕೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ದಕ್ಕೆಗೆ ಹೋಗಿ ಹರಾಜಿನಲ್ಲಿ ಮೀನು ಹಿಡಿದು ಬುಟ್ಟಿ ಹೊತ್ತು ಎಂಟು ಮೈಲಿ ತಿರುಗುವವಳು. ಆಕೆಯ ಬುಟ್ಟಿಯ ಮೀನೂ ಸಾಲದ್ದೇ, ಸಂಜೆಯೊಳಗೆ ದಲ್ಲಾಳಿಗೆ ಕೊಡಬೇಕು. ಅವನು ಬಾಕಿ ಇಟ್ಟು ಹೋದ ದಿನದಿಂದ ಆ ದುಡ್ಡಿಗೆ ಅವಳ ತಲೆಯೇ ಬಡ್ಡಿ ಕಟ್ಟುತ್ತಿದೆ. ಸಾಲವೆಂದರೆ ಶೋಷಣೆ ಎಂದು ಒಂದೇ ಉಸಿರಿನಲ್ಲಿ ಹೇಳಿದ ನಾವು ಮೀನಮ್ಮನನ್ನೂ ಒಡೆಯನ ಸಾಲಿನಲ್ಲಿ ಕೂರಿಸಿಬಿಟ್ಟಿದ್ದೆವು. ಸರ ಬಿಚ್ಚಿಕೊಟ್ಟ ವಿಧವೆಯನ್ನೂ. ಇದು ಸಣ್ಣ ತಪ್ಪಲ್ಲ. ಬಡವ ಬಡವನಿಗೆ ಕೊಡುವ ಕೈಗಡಕ್ಕೆ ಕಾಗದವಿಲ್ಲ, ಸಾಕ್ಷಿ ಇಲ್ಲ, ಬಡ್ಡಿ ಇಲ್ಲ. ಮೂರು ವರ್ಷ ಕಳೆದರೆ ಕೋರ್ಟಿನಲ್ಲಿ ಕೇಳುವ ಹಕ್ಕೂ ಹೋಗುತ್ತದೆ. ಯಾವ ಋಣ ಪರಿಹಾರ ಕಾಯಿದೆಯೂ ಬೇಕಿಲ್ಲ, ಅದು ತಾನಾಗಿ ಮನ್ನಾ ಆಗುತ್ತದೆ. ಬ್ಯಾಂಕು ಮೆಟ್ಟಿಲು ಹತ್ತಗೊಡದ ಜನ ಇಷ್ಟು ಕಾಲ ಬದುಕಿದ್ದು ಈ ಕಾಗದವಿಲ್ಲದ ಸಾಲದಿಂದ. ಅದನ್ನು ಮುರಿದವನು ವ್ಯವಸ್ಥೆಯನ್ನು ಮುರಿದನೆ? ಕೇರಿಯನ್ನೇ ಮುರಿದನಲ್ಲವೆ?

ಹಾಗಂತ ನಮ್ಮಲ್ಲಿ ಒಬ್ಬರು ವಾದಿಸಿದರು. ಇನ್ನೊಬ್ಬರು ಒಪ್ಪಲಿಲ್ಲ. ಹಸಿದವನಿಗೆ ಯಾರ ಅಕ್ಕಿ ಎಂಬ ವಿಚಾರ ಬರುವುದಿಲ್ಲ, ಓಡುವವನು ಬಾಕಿಗಳನ್ನು ಆರಿಸಿ ಓಡಲಾರ, ಒಡೆಯನಿಗೆ ಹೆದರಿ ಓಡಿದರೆ ಮೀನಮ್ಮನ ಬಾಕಿಯೂ ಹಿಂದೆ ಉಳಿಯುತ್ತದೆ, ಹಾಗಾಗಿ ಅದೂ ಒಡೆಯನ ತಪ್ಪೇ ಎಂದರು. ಈ ವಾದದಲ್ಲಿ ಸತ್ಯವಿದೆ. ಆದರೆ ತಪ್ಪು ಯಾರದೆಂದು ಗೊತ್ತಾದ ಮಾತ್ರಕ್ಕೆ ಮೀನಮ್ಮನ ಸೆರಗಿಗೆ ದುಡ್ಡು ಬರುವುದಿಲ್ಲ.

ಗುಂಪಿನ ಸಾಲ ಇನ್ನೂ ಕೆಟ್ಟದ್ದು. ಹತ್ತು ಹೆಂಗಸರನ್ನು ಚಾಪೆಯ ಮೇಲೆ ಕೂರಿಸಿ, ಒಬ್ಬಳು ಕಟ್ಟದಿದ್ದರೆ ಒಂಬತ್ತು ಜನ ಕಟ್ಟಬೇಕು ಎನ್ನುತ್ತಾರೆ. ಅಡವಿಲ್ಲದ ಸಾಲ ಎಂದು ಹೆಸರು. ಒಬ್ಬೊಬ್ಬಳಿಗೂ ಉಳಿದ ಒಂಬತ್ತು ಜನರೇ ಅಡವು, ಇದು ಯಾಕೆ ಕಾಣುವುದಿಲ್ಲ? ಮುಂಚೆ ವಸೂಲಿಗೆ ಒಡೆಯನ ಆಳು ಬರುತ್ತಿದ್ದ, ಈಗ ಪಕ್ಕದ ಮನೆಯ ಗೆಳತಿಯೇ ಬರುತ್ತಾಳೆ. ರಿಜರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಒಂದು ಕುಟುಂಬದ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು, ಬೆಳಿಗ್ಗೆ ಒಂಬತ್ತರ ಮುಂಚೆ ಸಂಜೆ ಆರರ ನಂತರ ವಸೂಲಿಗೆ ಹೋಗಬಾರದು, ಸಾಲಗಾರರ ನೆಂಟರನ್ನು ಗೆಳೆಯರನ್ನು ಪೀಡಿಸಬಾರದು. ಕಂಪನಿಯವ ಆರರೊಳಗೆ ಹೋಗುತ್ತಾನೆ, ಸರಿ. ರಾತ್ರಿ ಎಂಟಕ್ಕೆ ಬಂದು ಅಂಗಳದಲ್ಲಿ ನಿಲ್ಲುವ ಗುಂಪಿನ ಹೆಂಗಸಿಗೆ ಯಾವ ನಿಯಮ? ಅವಳೂ ಬಳಚು ಹೆಕ್ಕಿ ಮಾರಿದ ದುಡ್ಡಿನಲ್ಲಿ ಇವಳ ಕಂತು ಕಟ್ಟಿದವಳು. ಕುಮಟೆಯ ಅಘನಾಶಿನಿ ಹಿನ್ನೀರಿನಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತು ಬಳಚು ಹೆಕ್ಕುವವರನ್ನು ನೋಡಿದವರಿಗೆ ಆ ಒಂದೊಂದು ರೂಪಾಯಿಯ ತೂಕ ಗೊತ್ತು. ಈ ಎರಡು ಹೆಂಗಸರು ಬೈದಾಡಿಕೊಳ್ಳುವಾಗ ನಾವು ಯಾರ ಕಡೆ ನಿಲ್ಲಬೇಕು? ಹೆಂಗಸರು ಸಂಘಟಿತರಾದರೆ ಏನಾದೀತೆಂದು ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಸಾರಾಯಿಯ ವಿರುದ್ಧ ನಿಂತು ತೋರಿಸಿದ್ದರು. ಅದೇ ಒಗ್ಗಟ್ಟನ್ನು ಕಂಪನಿ ವಸೂಲಿಯ ಯಂತ್ರ ಮಾಡಿಕೊಂಡಿತು.

ಮತ್ತೆ ಆ ಮನೆಗೆ ಹೋದೆವು. ಈ ಸಲ ಹಾಳೆ ಒಯ್ಯಲಿಲ್ಲ, ಕೇಳಲು ಹೋದೆವು. ಆಕೆಗೆ ಕೂಲಿಗೆ ಹೋಗುವ ಹೊತ್ತು, ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುವ ಕೆಲಸ. ಕೈ ಎಲ್ಲ ಕಪ್ಪು. ನಿಂತ ಕಾಲಿನಲ್ಲೇ ಹೇಳಿದಳು. ಆಕೆ ಐದು ಬಾಕಿಗಳನ್ನು ತನ್ನದೇ ರೀತಿಯಲ್ಲಿ ಬೇರೆ ಮಾಡಿಟ್ಟಿದ್ದಳು.

'ಅಂಗಡಿದು ಕೊಡ್ತೆ. ಅಕ್ಕಿ ಅಂವ ಒಬ್ನೇ ಉಂಡಂವ ಅಲ್ಲ, ನಾವೂ ಉಂಡದ್ದೇ. ಆದ್ರೆ ಬೀಡಿ ಲೆಕ್ಕ ನಾ ಕೊಡೂದಿಲ್ಲ, ಅದನ್ನ ಅಂವನ ಹತ್ರ ಈಸ್ಕಳಿ ಅಂದಿದ್ದೆ.' ಅಂಗಡಿಯವ ಪುಸ್ತಕ ತಂದು ಬೀಡಿಯ ಲೆಕ್ಕ ಬೇರೆ ತೆಗೆದನಂತೆ. ಕುಡಿತದ ಸಾಲ, ಜೂಜಿನ ಸಾಲ ಮಗನ ಮೇಲಿಲ್ಲ ಎಂದು ಯಾಜ್ಞವಲ್ಕ್ಯ ಹೇಳಿದ್ದನ್ನು ಈಕೆ ಓದಿಲ್ಲ. ಓದಬೇಕಾಗಿಯೂ ಇರಲಿಲ್ಲ. ಮೀನಮ್ಮನಿಗೆ ವಾರಕ್ಕೆ ಐವತ್ತು ಕೊಡುತ್ತಿದ್ದಾಳೆ. ಒಡೆಯರ ಮನೆಗೆ ಹೋಗಿ 'ನಮ್ಮತ್ತೆ ನಿಮ್ಮ ಕೊಟ್ಟಿಗೆ ಬಳದದ್ದು ಎಷ್ಟು ವರ್ಷ ಲೆಕ್ಕ ಹಾಕಿ, ಮತ್ತೆ ಸಾಲದ ಮಾತಾಡುವ' ಎಂದು ಬಂದಳಂತೆ. ನಾವು ಸಂಘಟನೆಯವರು ಹೇಳಿಕೊಟ್ಟದ್ದಲ್ಲ, ಆಣೆ. ಗುಂಪಿನ ಸಾಲಕ್ಕೆ ಸಹಿ ತನ್ನದೇ, ಒಂಬತ್ತು ಜನರ ಮುಖ ನೋಡಬೇಕು, ಆದರೆ ಕಂತು ಅರ್ಧ ಮಾಡಿ ಎಂದು ಕೇಳುತ್ತಾಳೆ, ಕಂಪನಿ ಒಪ್ಪಿಲ್ಲ. ಅಲ್ಲಿ ನಾವು ಬೇಕು, ಅರ್ಜಿ ಬೇಕು, ಅದನ್ನು ಬರೆದಿದ್ದೇವೆ.

ಸರದ ಮಾತಿಗೆ ಬಂದಾಗ ಅವಳು ನಿಂತಳು. 'ಅದು ಹೆಂಗೆ ಬಿಡಿಸೂದು ಅಂತ ನಂಗೆ ಗೊತ್ತಿಲ್ಲ. ಅವಳು ಒಂದಿನವೂ ಕೇಳ್ಲಿಲ್ಲ. ಕೇಳಿದ್ರೆ ಜಗಳಾನಾದ್ರೂ ಮಾಡ್ಬಹುದಿತ್ತು.'

ನಾವು ಸ್ವಲ್ಪ ತಡವಾಗಿ ಕಲಿಯುವ ಜನ. ಯಾರ ಸಾಲ ನ್ಯಾಯದ್ದು, ಯಾರದಲ್ಲ ಎಂದು ತೂಗಲು ಕೂತು ನಾವು ಅಸಲು, ಬಡ್ಡಿ, ವರ್ಗ, ಜಾತಿ ಎಲ್ಲ ತಕ್ಕಡಿಗೆ ಹಾಕಿದೆವು. ಆಕೆ ಕೇಳಿದ್ದು ಎರಡೇ ಪ್ರಶ್ನೆ: ಉಂಡವರು ಯಾರು, ಕೊಟ್ಟವರು ಏನು ಬಿಟ್ಟು ಕೊಟ್ಟರು. ಒಡೆಯರು ತಮ್ಮ ಕಣಜದ ಮೂಲೆಯಿಂದ ಕೊಟ್ಟರು, ಕಂಪನಿ ಬಡ್ಡಿಗಾಗಿ ಕೊಟ್ಟಿತು, ಮೀನಮ್ಮ ನಾಳೆಯ ಬಂಡವಾಳದಿಂದ ಕೊಟ್ಟಳು, ವಿಧವೆ ಕುತ್ತಿಗೆಯಿಂದ ಬಿಚ್ಚಿ ಕೊಟ್ಟಳು. ಆದರೆ ಇದರಲ್ಲೂ ಒಂದು ಅನ್ಯಾಯ ಉಳಿಯುತ್ತದೆ, ಅದನ್ನು ಮುಚ್ಚಿಡಬಾರದು. ಉಂಡದ್ದನ್ನು ಒಪ್ಪಿಕೊಂಡು ತೀರಿಸುತ್ತಿರುವವಳು ಉಳಿದವಳು. ಹೋದವನು ಅಲ್ಲಿ ಗೋವಾದಲ್ಲೋ ರತ್ನಾಗಿರಿಯಲ್ಲೋ ಬಲೆ ಎಳೆಯುತ್ತಿದ್ದಾನೆ, ಅವನಿಗೂ ಸುಖವಿಲ್ಲ, ನಿಜ. ಆದರೆ ಮುಖ ತೋರಿಸಬೇಕಾದ ಜವಾಬ್ದಾರಿ ಅವನಿಗಿಲ್ಲ. ಮುಖ ತೋರಿಸುವ ಕೆಲಸವನ್ನೆಲ್ಲ ಹೆಂಗಸಿಗೆ ಬಿಟ್ಟು ಹೋಗುವ ಗಂಡಸನ್ನು, ಅವನು ನಮ್ಮ ಜಾತಿಯವ, ನಮ್ಮ ವರ್ಗದವ, ನಮ್ಮ ಸಂಘದ ಮೆರವಣಿಗೆಯಲ್ಲಿ ಬಾವುಟ ಹಿಡಿದವ ಎಂದು ನಾವು ಬಿಟ್ಟುಬಿಡಬೇಕೆ? ಒಡೆಯನ ಬಾಕಿಗೆ ಅವನ ಪರ ನಿಲ್ಲುತ್ತೇವೆ. ಸರದ ಬಾಕಿಗೆ ಅವನನ್ನು ಹುಡುಕಿ ಹಿಡಿದು ತರುವುದೂ ನಮ್ಮದೇ ಕೆಲಸ. ಈ ಮಾತು ಬರೆಯುವಾಗ ನಮ್ಮಲ್ಲಿ ಇಬ್ಬರ ಒಪ್ಪಿಗೆ ಇರಲಿಲ್ಲ ಎಂಬುದನ್ನೂ ದಾಖಲಿಸುತ್ತೇವೆ.

ಮೇಸ್ಟ್ರುಗಳಿಗೆ ಒಂದು ಮಾತು. ಆ ಮನೆಯ ಚಿಕ್ಕ ಹುಡುಗಿ ಮೂರನೆಯ ಕ್ಲಾಸು. ಮೊದಲ ವರ್ಷ ಯಾರಾದರೂ ಕೂಗಿದರೆ ಬಾಗಿಲಿಗೆ ಅವಳನ್ನೇ ಕಳಿಸುತ್ತಿದ್ದರು, 'ಅಮ್ಮ ಮನೇಲಿಲ್ಲ' ಎಂದು ಹೇಳಲು. ಅಮ್ಮ ಒಲೆಯ ಹಿಂದೆ ಕೂತಿರುತ್ತಿದ್ದಳು. ಬಹಳ ಚೆಂದ ಹೇಳುತ್ತಿದ್ದಳಂತೆ, ಒಂಚೂರು ತಡವರಿಸದೆ. ಹಾಜರಿ ಕರೆದಾಗಲೂ ಅವಳು ಹಾಗೆಯೇ ತಲೆಯೆತ್ತಿ ನೋಡುತ್ತಾಳೆ, ಕರೆದವರು ಯಾರು, ಏನು ಕೇಳಲು ಬಂದರು ಎನ್ನುವ ಹಾಗೆ. ಅಪ್ಪನ ಹೆಸರು ಬರೆಯುವ ಜಾಗ ಬಂದಾಗ ಅವಳನ್ನು ಎಲ್ಲರೆದುರು ನಿಲ್ಲಿಸಿ ಕೇಳಬೇಡಿ. ಈ ವರ್ಷ ಬಾಗಿಲಿಗೆ ಅಮ್ಮನೇ ಬರುತ್ತಾಳೆ.

ಆಗಸ್ಟ್ ಒಂದಕ್ಕೆ ಬೋಟು ಇಳಿಯುತ್ತವೆ. ಅದಕ್ಕೆ ಮುಂಚೆ ಬಂದರೂ ಬಂದಾನು ಎಂದು ಕೇರಿಯಲ್ಲಿ ಮಾತು. ರೈಲು ಇಳಿದವ ಮೊದಲು ಯಾರ ಮನೆಯ ಮುಂದೆ ಹಾದು ಬರುತ್ತಾನೆ ಎಂದು ಕೂಡ ಲೆಕ್ಕ ಹಾಕಿದ್ದಾರೆ: ಸ್ಟೇಶನ್ನಿನ ಕಡೆಯಿಂದ ಬಂದರೆ ಅಂಗಡಿ, ಹೊಳೆಯ ಕಡೆಯಿಂದ ಬಂದರೆ ಆ ವಿಧವೆಯ ಅಂಗಳ.